ಶಿಕ್ಷಕರ ವರ್ಗಾವಣೆಯೊಡನೆ ಕರಗುವ ಸ್ಕೌಟ್ ದಳಗಳು

ರಾಜ್ಯದಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಚಳವಳಿ ಸುದ್ದಿಯಾಗುವುದು ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ. ಒಂದು, ಜಾಂಬೂರಿ ನಡೆದಾಗ. ಇನ್ನೊಂದು, ಯಾರಾದರೂ ಗಣ್ಯರ ಕೊರಳಿಗೆ ಸ್ಕಾರ್ಫ್ ಬಿದ್ದಾಗ. 2016ರ ಡಿಸೆಂಬರ್ ಕೊನೆಯಲ್ಲಿ ನಂಜನಗೂಡು ಬಳಿಯ ಅಡಕನಹಳ್ಳಿಯಲ್ಲಿ ಆರಂಭಗೊಂಡು ಹೊಸ ವರ್ಷದ ಮೊದಲ ವಾರದಲ್ಲಿ ಮುಗಿದ 17ನೇ ರಾಷ್ಟ್ರೀಯ ಜಾಂಬೂರಿ ಪತ್ರಿಕೆಗಳ ಮುಖಪುಟ ತುಂಬಿತ್ತು. 2022ರ ಡಿಸೆಂಬರ್ 21ರಿಂದ 27ರವರೆಗೆ ಮೂಡುಬಿದಿರೆಯ ವಿದ್ಯಾಗಿರಿಯಲ್ಲಿ ನಡೆದ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿಯಲ್ಲಿ, ಆಯೋಜಕರ ಲೆಕ್ಕದಂತೆ, ಸುಮಾರು ಐವತ್ತು ಸಾವಿರ ವಿದ್ಯಾರ್ಥಿಗಳು ನೆರೆದಿದ್ದರು. ಇಷ್ಟು ಮಕ್ಕಳಿಗೆ ವಾರವಿಡೀ ಊಟ, ವಸತಿ, ಶಿಸ್ತು ಒದಗಿಸುವುದು ಸಣ್ಣ ಮಾತಲ್ಲ. ಅದನ್ನು ಸಾಧಿಸಿದ ರಾಜ್ಯಕ್ಕೆ ಸಂಘಟನಾ ಸಾಮರ್ಥ್ಯದ ಕೊರತೆಯಿದೆ ಎಂದು ಯಾರೂ ಹೇಳಲಾರರು.

ಆದರೆ ಜಾಂಬೂರಿ ಹಬ್ಬ ಮಾತ್ರ. ಹಬ್ಬದ ಮರುದಿನದಿಂದ ಶುರುವಾಗುವ ದಿನನಿತ್ಯದ ಬದುಕು ವಾರಕ್ಕೊಮ್ಮೆ ಶಾಲೆಯ ಮೈದಾನದಲ್ಲಿ ನಡೆಯಬೇಕಾದ ದಳದ ಸಭೆಯಲ್ಲಿದೆ. ಆರರಿಂದ ಎಂಟು ಮಕ್ಕಳ ಪ್ಯಾಟ್ರೋಲ್‌ಗಳು, ಅಂಥ ಮೂರು-ನಾಲ್ಕು ಪ್ಯಾಟ್ರೋಲ್ ಕೂಡಿ ಒಂದು ದಳ, ಅದಕ್ಕೊಬ್ಬ ಸ್ಕೌಟ್ ಮಾಸ್ಟರ್ ಅಥವಾ ಗೈಡ್ ಕ್ಯಾಪ್ಟನ್. ಧ್ವಜಾರೋಹಣ, ಆಟ, ಗಂಟು ಹಾಕುವ ಕಲೆ, ಪ್ರಥಮ ಚಿಕಿತ್ಸೆ, ಹಾಡು. ಈ ಒಂದು ಗಂಟೆ ತಪ್ಪದೆ ನಡೆದರೆ ದಳ ಬದುಕಿದೆ ಎಂದರ್ಥ. ನಡೆಯದಿದ್ದರೆ ಸಮವಸ್ತ್ರವೂ ನೋಂದಣಿ ಪತ್ರವೂ ಇದ್ದೂ ಇಲ್ಲದಂತೆ. ರಾಜ್ಯದ ಬಹುಪಾಲು ಶಾಲೆಗಳಲ್ಲಿ ಈ ಗಂಟೆ ನಿಂತಿರುವುದು ಒಬ್ಬ ಶಿಕ್ಷಕ ಅಥವಾ ಶಿಕ್ಷಕಿಯ ಹೆಗಲ ಮೇಲೆ. ಸಮಸ್ಯೆಯ ಬೇರು ಇಲ್ಲಿಯೇ ಇದೆ.

ಆ ಒಬ್ಬರಿಗೆ ವರ್ಗವಾದರೆ ಏನಾಗುತ್ತದೆ? ಸರ್ಕಾರಿ ಶಾಲೆಗಳಲ್ಲಿ ವರ್ಗಾವಣೆ ಆಕಸ್ಮಿಕವಲ್ಲ. ಅದಕ್ಕೆಂದೇ 2007ರಲ್ಲೊಂದು ಕಾಯ್ದೆ ಬಂದಿತ್ತು, 2020ರಲ್ಲಿ ಅದರ ಸ್ಥಾನಕ್ಕೆ ಮತ್ತೊಂದು ಬಂದಿದೆ. ಕೌನ್ಸೆಲಿಂಗ್, ಕಡ್ಡಾಯ ವರ್ಗಾವಣೆ, ಕೋರಿಕೆ ವರ್ಗಾವಣೆ, ಹೆಚ್ಚುವರಿ ಶಿಕ್ಷಕರ ಮರುಹೊಂದಾಣಿಕೆ ಎಲ್ಲಕ್ಕೂ ನಿಯಮಗಳಿವೆ. ಗಣಿತದ ಶಿಕ್ಷಕರು ಹೋದರೆ ಆ ಹುದ್ದೆ ಖಾಲಿಯೆಂದು ಇಲಾಖೆಯ ಕಡತದಲ್ಲಿ ದಾಖಲಾಗುತ್ತದೆ, ತಡವಾಗಿಯಾದರೂ ಒಬ್ಬ ಅತಿಥಿ ಶಿಕ್ಷಕರು ಬರುತ್ತಾರೆ. ಸ್ಕೌಟ್ ಮಾಸ್ಟರ್ ಹೋದರೆ ಯಾವ ಹುದ್ದೆಯೂ ಖಾಲಿಯಾಗುವುದಿಲ್ಲ, ಏಕೆಂದರೆ ಅದು ಹುದ್ದೆಯೇ ಅಲ್ಲ. ಹಗ್ಗ, ಕೋಲು, ಧ್ವಜ ಬೀರುವಿಗೆ ಸೇರುತ್ತವೆ. ದ್ವಿತೀಯ ಸೋಪಾನ ಮುಗಿಸಿ ತೃತೀಯ ಸೋಪಾನಕ್ಕೆ ಸಿದ್ಧರಾಗುತ್ತಿದ್ದ ಮಕ್ಕಳು ಅಲ್ಲಿಗೇ ನಿಲ್ಲುತ್ತಾರೆ. ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರದ ಹಾದಿ ವರ್ಷಗಟ್ಟಲೆ ಎಡೆಬಿಡದ ಅಭ್ಯಾಸ ಬೇಡುವಂಥದ್ದು. ನಡುವೆ ಒಂದು ವರ್ಷ ಕಡಿದುಹೋದರೆ ಆ ಮಗು ಹತ್ತನೇ ತರಗತಿಗೆ ಬಂದಿರುತ್ತದೆ, ಆಮೇಲೆ ಅವಕಾಶ ಸಿಗುವುದು ಕಷ್ಟ.

ಹೊಸ ಶಿಕ್ಷಕರನ್ನು ತಯಾರು ಮಾಡುವುದೂ ಸುಲಭವಲ್ಲ. ಮೂಲ ತರಬೇತಿ, ಬಳಿಕ ಮುಂದುವರಿದ ತರಬೇತಿ, ಅದಾದ ಮೇಲೆ ಹಿಮಾಲಯ ವುಡ್ ಬ್ಯಾಡ್ಜ್ ಹೀಗೆ ಹಂತಗಳಿವೆ. ಒಂದೊಂದಕ್ಕೂ ಹಲವು ದಿನ ಶಿಬಿರವಾಸ ಬೇಕು. ದೊಡ್ಡಬಳ್ಳಾಪುರದ ಡಾ. ಆನಿ ಬೆಸೆಂಟ್ ಪಾರ್ಕ್‌ನಲ್ಲಿ, ಹರಿಹರ ಸಮೀಪದ ಕೊಂಡಜ್ಜಿಯಲ್ಲಿ ಒಳ್ಳೆಯ ತರಬೇತಿ ತಾಣಗಳೂ ಇವೆ. ಅನ್ಯ ಕಾರ್ಯ ನಿಮಿತ್ತ ಸೌಲಭ್ಯದಡಿ ಶಿಕ್ಷಕರು ತರಬೇತಿಗೆ ಹೋಗಿಬರಬಹುದು. ಆದರೆ ಇಬ್ಬರೇ ಶಿಕ್ಷಕರಿರುವ ಶಾಲೆಯ ಮುಖ್ಯ ಶಿಕ್ಷಕರು ಒಬ್ಬರನ್ನು ವಾರಗಟ್ಟಲೆ ಕಳುಹಿಸಿಕೊಡುವುದಾದರೂ ಹೇಗೆ? ಇನ್ನು ಅತಿಥಿ ಶಿಕ್ಷಕರ ನೇಮಕ ಶೈಕ್ಷಣಿಕ ವರ್ಷಕ್ಕೆ ಮುಗಿಯುತ್ತದೆ. ಅವರಿಗೆ ತರಬೇತಿ ಕೊಟ್ಟರೂ ಮುಂದಿನ ಜೂನ್‌ನಲ್ಲಿ ಅವರು ಅದೇ ಶಾಲೆಯಲ್ಲಿರುತ್ತಾರೆಂಬ ಖಾತರಿಯಿಲ್ಲ.

ಶಿಕ್ಷಕರನ್ನು ದೂರುವುದು ಅನ್ಯಾಯ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರಾವ ಶಿಕ್ಷಣೇತರ ಕೆಲಸಕ್ಕೂ ಶಿಕ್ಷಕರನ್ನು ಹಚ್ಚಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಆ ಮೂರೇ ಸಾಕಷ್ಟಾಯಿತು. ಅದರ ಮೇಲೆ ಬಿಸಿಯೂಟದ ಲೆಕ್ಕ, ಆನ್‌ಲೈನ್ ದಾಖಲಾತಿ, ಸಮವಸ್ತ್ರ ಹಾಗೂ ಪುಸ್ತಕ ವಿತರಣೆಯ ವರದಿ. ಇಷ್ಟರ ನಡುವೆಯೂ ಶನಿವಾರ ಮಧ್ಯಾಹ್ನ ಮನೆಗೆ ಹೋಗದೆ ಮಕ್ಕಳೊಡನೆ ಮೈದಾನದಲ್ಲಿ ನಿಲ್ಲುವ ಶಿಕ್ಷಕರಿದ್ದಾರೆ. ರಾಜ್ಯದಲ್ಲಿ ಚಳವಳಿ ಇಂದಿಗೂ ಉಸಿರಾಡುತ್ತಿದ್ದರೆ ಅದು ಅವರಿಂದ. ಪ್ರಶ್ನೆಯಿರುವುದು ಅವರೊಬ್ಬರೇ ಏಕೆ ನಿಲ್ಲಬೇಕು ಎಂಬಲ್ಲಿ.

ಇತಿಹಾಸದ ತಿರುವು: ಸ್ಕೌಟಿಂಗ್ ಹುಟ್ಟಿದ್ದು ಶಾಲೆಯಲ್ಲಲ್ಲ. 1907ರ ಆಗಸ್ಟ್‌ನಲ್ಲಿ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಕರೆದೊಯ್ದ ಇಪ್ಪತ್ತರಷ್ಟು ಹುಡುಗರಲ್ಲಿ ಸಿರಿವಂತರ ಶಾಲೆಗಳ ಮಕ್ಕಳೂ ಇದ್ದರು, ದುಡಿಯುವ ವರ್ಗದ ಮಕ್ಕಳೂ ಇದ್ದರು. 1908ರಲ್ಲಿ 'ಸ್ಕೌಟಿಂಗ್ ಫಾರ್ ಬಾಯ್ಸ್' ಪುಸ್ತಕ ಹದಿನೈದು ದಿನಕ್ಕೊಂದು ಕಂತಿನಂತೆ ಹೊರಬಂದಾಗ ಅದನ್ನು ಓದಿದ ಹುಡುಗರು ತಾವೇ ಪ್ಯಾಟ್ರೋಲ್ ಕಟ್ಟಿಕೊಂಡು, ಆ ಬಳಿಕ ತಮಗೊಬ್ಬ ಹಿರಿಯರು ಬೇಕೆಂದು ಊರಲ್ಲಿ ಹುಡುಕಿಕೊಂಡು ಹೊರಟರು. ಸಿಕ್ಕವರು ಗುಮಾಸ್ತರು, ಪಾದ್ರಿಗಳು, ನಿವೃತ್ತ ಸೈನಿಕರು, ಅಂಗಡಿಕಾರರು. ಅಂದರೆ ದಳ ಊರಿನದಾಗಿತ್ತು.

ಭಾರತದಲ್ಲಿ ಕಥೆ ಬೇರೆಯಾಯಿತು. ಈ ದೇಶದ ಮೊದಲ ಸ್ಕೌಟ್ ದಳ ಆರಂಭವಾದದ್ದು 1909ರಲ್ಲಿ ಬೆಂಗಳೂರಿನ ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ. ಕರ್ನಾಟಕಕ್ಕೆ ಇದು ಹೆಮ್ಮೆಯ ಸಂಗತಿಯೇ. ಆದರೆ ಆಗ ಅದರೊಳಗೆ ಭಾರತೀಯ ಮಕ್ಕಳಿಗೆ ಪ್ರವೇಶವಿರಲಿಲ್ಲ. ಆ ಬಾಗಿಲು ತೆರೆಸಲು 1916ರಲ್ಲಿ ಮದರಾಸಿನಲ್ಲಿ ಆನಿ ಬೆಸೆಂಟ್, ಜಾರ್ಜ್ ಅರುಂಡೇಲ್ ಅವರೊಡನೆ ಸೇರಿ ಪ್ರತ್ಯೇಕ ಸಂಸ್ಥೆಯನ್ನೇ ಕಟ್ಟಬೇಕಾಯಿತು. ಎರಡು ವರ್ಷಗಳ ಬಳಿಕ ಅಲಹಾಬಾದಿನಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಸೇವಾ ಸಮಿತಿ ಸ್ಕೌಟ್ ಸಂಸ್ಥೆ ಆರಂಭಿಸಿದರು. ಮೇಳಗಳಲ್ಲಿ ಯಾತ್ರಿಕರ ಸೇವೆ ಅವರಿಗೆ ಮುಖ್ಯವಾಗಿತ್ತು. ಇವೆಲ್ಲ ಸಾರ್ವಜನಿಕ ಬದುಕಿನಿಂದ ಬಂದ ಪ್ರಯತ್ನಗಳು, ಇಲಾಖೆಯ ಸುತ್ತೋಲೆಯಿಂದಲ್ಲ. ಸ್ವಾತಂತ್ರ್ಯಾನಂತರ 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ರೂಪುಗೊಂಡಿತು, ಮರುವರ್ಷ ಗೈಡ್ಸ್ ಸಂಸ್ಥೆಯೂ ಅದರಲ್ಲಿ ಸೇರಿಕೊಂಡಿತು. ಸರ್ಕಾರದ ಮಾನ್ಯತೆ, ಶಾಲೆಗಳ ಬಾಗಿಲು ಎರಡೂ ದೊರೆತವು. ಲಕ್ಷಾಂತರ ಮಕ್ಕಳನ್ನು ತಲುಪಲು ಅದು ಹತ್ತಿರದ ದಾರಿಯಾಗಿತ್ತು, ನಿಜ. ಬೆಲೆಯೆಂದರೆ, ಊರು ಹಿಂದೆ ಸರಿಯಿತು. ಸ್ಕೌಟ್ ದಳ ಶಾಲೆಯ ವ್ಯವಹಾರ, ಅದರ ಹೊಣೆ ಮೇಷ್ಟರದು ಎಂಬ ಭಾವನೆ ಬೇರೂರಿತು.

ಶಾಲೆಗೆ ಪೂರ್ತಿ ಒಪ್ಪಿಸಿದರೆ ಸಂಖ್ಯೆ ಎಷ್ಟು ಬೇಗ ಬೆಳೆಯುತ್ತದೆ, ಎಷ್ಟು ಬೇಗ ಅಲುಗಾಡುತ್ತದೆ ಎಂಬುದಕ್ಕೆ ಇಂಡೊನೇಷ್ಯಾ ನಿದರ್ಶನ. ಜಗತ್ತಿನಲ್ಲೇ ಅತಿ ಹೆಚ್ಚು ಸ್ಕೌಟ್‌ಗಳಿರುವ ದೇಶ ಅದು. ಹಲವು ವರ್ಷ ಅಲ್ಲಿನ ಶಾಲೆಗಳಲ್ಲಿ ಇದು ಕಡ್ಡಾಯ ಪಠ್ಯೇತರ ಚಟುವಟಿಕೆಯಾಗಿತ್ತು. 2024ರಲ್ಲಿ ಶಿಕ್ಷಣ ಸಚಿವಾಲಯ ಹೊಸ ನಿಯಮ ತಂದು, ಮಕ್ಕಳ ಪಾಲಿಗೆ ಅದು ಐಚ್ಛಿಕ ಎಂದಿತು. ಒಂದು ಆದೇಶಕ್ಕೆ ಇಡೀ ಚಳವಳಿ ತಲ್ಲಣಿಸಿತು. ಬ್ರಿಟನ್ನಿನದು ಇದಕ್ಕೆ ತಿರುಗುಮುರುಗು. ಅಲ್ಲಿ ದಳಗಳು ಊರಿನವೇ, ನಡೆಸುವವರು ಸ್ವಯಂಸೇವಕರೇ. 2021ರಲ್ಲಿ ನಾಲ್ಕರಿಂದ ಆರು ವರ್ಷದ ಪುಟಾಣಿಗಳಿಗಾಗಿಯೂ ಹೊಸ ವಿಭಾಗ ತೆರೆದರು. ಆದರೂ ಸೇರಲು ಸರದಿಯಲ್ಲಿ ಕಾಯುತ್ತಿರುವ ಮಕ್ಕಳ ಸಂಖ್ಯೆ ಇತ್ತೀಚಿನ ವರ್ಷಗಳಲ್ಲಿ ಲಕ್ಷದ ಆಸುಪಾಸಿಗೆ ಏರಿತು. ಕಾರಣ, ಸಮಯ ಕೊಡುವ ದೊಡ್ಡವರ ಕೊರತೆ. ಅಲ್ಲಿ ಮಕ್ಕಳಿಗೆ ಹೊಸಿಲ ಹೊರಗೆ ಕಾಯುವ ಕಷ್ಟ. ಇಲ್ಲಿ ಒಳಗೆ ಬಂದ ಮಕ್ಕಳಿಗೆ ಅರ್ಧದಲ್ಲೇ ಕೈಬಿಟ್ಟುಹೋಗುವ ಕಷ್ಟ. ಎರಡರ ಮೂಲವೂ ಒಂದೇ.

ಹಾಗಾದರೆ ದಳಕ್ಕೆ ಯಾರು ಬೇಕು? ತ್ಯಾಗಮಯಿ ಮಹಾಪುರುಷರನ್ನು ಹುಡುಕುವುದು ವ್ಯರ್ಥ. ಅಂಥವರು ವಿರಳ, ಸಿಕ್ಕರೂ ಅವರ ಬಳಿಕ ಮತ್ತೆ ಅದೇ ಶೂನ್ಯ. ಒಂದು ದಳಕ್ಕೆ ಬೇಕಿರುವುದು ನಾಲ್ಕೈದು ಮಂದಿ ಸಾಮಾನ್ಯರು, ಒಬ್ಬೊಬ್ಬರಿಗೂ ಸಣ್ಣದೊಂದು ನಿಗದಿತ ಕೆಲಸ. ಬ್ಯಾಂಕಿನ ನಿವೃತ್ತ ನೌಕರರೊಬ್ಬರು ದಳದ ಲೆಕ್ಕ ಬರೆಯಬಹುದು. 'ಖರಿ ಕಮಾಯಿ'ಯಲ್ಲಿ ಮಕ್ಕಳು ದುಡಿದು ತಂದ ಹಣಕ್ಕೂ, ನವೆಂಬರ್ 7ರ ಧ್ವಜ ದಿನಾಚರಣೆಯಲ್ಲಿ ಸಂಗ್ರಹವಾದ ಹಣಕ್ಕೂ ಚೊಕ್ಕ ಲೆಕ್ಕವಿರುವುದು ಮಕ್ಕಳಿಗೇ ಒಂದು ಪಾಠ. ಸ್ಥಳೀಯ ಪ್ರಾಥಮಿಕ ಆರೋಗ್ಯ ಕೇಂದ್ರದ ಶುಶ್ರೂಷಕಿ ವರ್ಷಕ್ಕೆ ನಾಲ್ಕು ಬಾರಿ ಬಂದು ಬ್ಯಾಂಡೇಜು ಕಟ್ಟುವುದನ್ನು ಕಲಿಸಬಹುದು. ಗಂಟು ಕಟ್ಟುವುದನ್ನು ಅಗ್ನಿಶಾಮಕ ಠಾಣೆಯ ಸಿಬ್ಬಂದಿಗಿಂತ ಚೆನ್ನಾಗಿ ಕಲಿಸಬಲ್ಲವರು ಯಾರು? ಕರಾವಳಿಯಲ್ಲಾದರೆ ದೋಣಿ ನಡೆಸುವವರೇ ಸಾಕು. ಮಲೆನಾಡಿನ ನಿವೃತ್ತ ಅರಣ್ಯ ರಕ್ಷಕರಿಗೆ ಹೆಜ್ಜೆಗುರುತಿನ ಪಾಠಕ್ಕೆ ಪುಸ್ತಕವೇ ಬೇಡ. ಶಿಬಿರದ ಅಡುಗೆಗೆ ಊರಿನ ಅಡುಗೆಯವರೊಬ್ಬರು ಜೊತೆ ನಿಂತರೆ ಮಾಸ್ಟರ್‌ಗೆ ಅರ್ಧ ಭಾರ ಇಳಿಯಿತು. ಸ್ಕೌಟರ್ ಎಂದರೆ ಎಲ್ಲವನ್ನೂ ಬಲ್ಲವನು ಎಂಬ ಕಲ್ಪನೆಯೇ ಬಹಳ ಮಂದಿಯನ್ನು ದೂರ ಇಟ್ಟಿದೆ. ಪೋಷಕರು ಮತ್ತು ಹಿತೈಷಿಗಳ ಗುಂಪು ಸಮಿತಿ ಸ್ಕೌಟಿಂಗ್‌ಗೆ ಹೊಸ ವಿಚಾರವೇನಲ್ಲ. ಶಾಲಾಭಿವೃದ್ಧಿ ಸಮಿತಿಯಿಂದ ಇಬ್ಬರು ಮನಸ್ಸು ಮಾಡಿದರೂ ಅದು ಆರಂಭವಾಗುತ್ತದೆ.

ಗೈಡ್ ವಿಭಾಗದ ಸ್ಥಿತಿ ಇನ್ನೂ ಸೂಕ್ಷ್ಮ. ಬಾಲಕಿಯರ ದಳಕ್ಕೆ ಮಹಿಳಾ ಕ್ಯಾಪ್ಟನ್ ಬೇಕು, ರಾತ್ರಿ ತಂಗುವ ಶಿಬಿರಕ್ಕೆ ಒಬ್ಬರು ಸಾಲರು. ಶಾಲೆಯಲ್ಲಿ ಶಿಕ್ಷಕಿಯರಿಗೆ ಕೊರತೆಯಿಲ್ಲದಿರಬಹುದು. ಆದರೆ ವಾರವಿಡೀ ದುಡಿದ ಶಿಕ್ಷಕಿಗೆ ಭಾನುವಾರ ಮನೆಯ ಬಾಕಿ ಕೆಲಸಗಳ ದಿನ, ಮೂರು ರಾತ್ರಿ ಮನೆ ಬಿಟ್ಟಿರುವುದು ಅವರೊಬ್ಬರ ತೀರ್ಮಾನವೂ ಆಗಿರುವುದಿಲ್ಲ. ಕ್ಯಾಪ್ಟನ್ ಹೊರಡದಿದ್ದರೆ ಇಡೀ ದಳದ ಹುಡುಗಿಯರು ಹೊರಡುವುದಿಲ್ಲ. ಆ ಶಿಬಿರವೇ ಆ ಹುಡುಗಿಯರಲ್ಲಿ ಅನೇಕರಿಗೆ ಮನೆಯಿಂದ ಹೊರಗೆ ಕಳೆಯಬಹುದಾಗಿದ್ದ ಮೊದಲ ರಾತ್ರಿ. ಊರಿನಲ್ಲೇ ಇರುವ ಆಶಾ ಕಾರ್ಯಕರ್ತೆ, ಸ್ವಸಹಾಯ ಸಂಘದ ಸದಸ್ಯೆ, ಪದವಿ ಮುಗಿಸಿ ಮನೆಯಲ್ಲಿರುವ ಹಳೆಯ ಗೈಡ್, ಇಂಥವರಲ್ಲಿ ಇಬ್ಬರು ಸರದಿಯ ಮೇಲೆ ಜೊತೆಯಾದರೆ ಶಿಬಿರ ರದ್ದಾಗುವುದು ತಪ್ಪುತ್ತದೆ. ಮಗಳನ್ನು ಕಳುಹಿಸಲು ಹಿಂಜರಿಯುವ ತಾಯಿಗೆ ಜೊತೆಗೆ ಹೋಗುವವರು ಪರಿಚಯದವರೆಂಬ ಧೈರ್ಯವೂ ಇರುತ್ತದೆ.

ಹಳೆಯ ಸ್ಕೌಟ್‌ಗಳನ್ನು ಚಳವಳಿ ಕಳೆದುಕೊಳ್ಳುತ್ತಿರುವ ಬಗೆಯೂ ಚಿಂತನಾರ್ಹ. ರೋವರ್ ಮತ್ತು ರೇಂಜರ್ ವಿಭಾಗಗಳಿರುವುದೇ ಹದಿಹರೆಯ ದಾಟುತ್ತಿರುವವರಿಂದ ಇಪ್ಪತ್ತೈದರ ತನಕದ ತರುಣರಿಗಾಗಿ. ನಾಳಿನ ಸ್ಕೌಟ್ ಮಾಸ್ಟರ್‌ಗಳು ಬರಬೇಕಾದದ್ದು ಇಲ್ಲಿಂದಲೇ. ಆದರೆ ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಎಂಬುದೊಂದು ಕಂದಕ. ಹತ್ತನೇ ತರಗತಿಯ ದಸರಾ ರಜೆಗೇ ಸ್ಕಾರ್ಫ್ ಕಳಚುತ್ತದೆ. ಪಿಯುಸಿಯಲ್ಲಿ ಸಿಇಟಿ, ನೀಟ್ ಎಂದು ಎರಡು ವರ್ಷ ಕಳೆದ ಮೇಲೆ ಮರಳಿ ಬರುವವರು ಕಡಿಮೆ. ಬಂದವರಲ್ಲಿ ಕೆಲವರನ್ನು ಎಳೆಯುವುದು ರೈಲ್ವೆ ನೇಮಕಾತಿಯ ಸ್ಕೌಟ್ಸ್ ಕೋಟಾ. ಅದನ್ನು ತಪ್ಪೆನ್ನಲಾಗದು, ಉದ್ಯೋಗದ ಆಸೆ ಯಾರಿಗಿಲ್ಲ? ಆದರೆ ತಮ್ಮ ಹಳೆಯ ಶಾಲೆಯ ದಳಕ್ಕೆ ವಾರಕ್ಕೊಂದು ಗಂಟೆ ಕೊಡಿ ಎಂದು ಈ ತರುಣರನ್ನು ಕೇಳುವ ಪದ್ಧತಿ ಬೆಳೆದಿಲ್ಲ. ಅವರ ಹೆಸರು, ದೂರವಾಣಿ ಸಂಖ್ಯೆಗಳಿರುವ ಒಂದು ಪಟ್ಟಿ ತಾಲ್ಲೂಕಿನ ಸ್ಥಳೀಯ ಸಂಸ್ಥೆಯಲ್ಲಿದ್ದರೆ ಅದೇ ಮೊದಲ ಹೆಜ್ಜೆ.

ನಗರದವರ ಪಾಲು: ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಲ್ಲಿ ಸ್ವಯಂಸೇವೆಯ ಉತ್ಸಾಹಕ್ಕೇನೂ ಬರವಿಲ್ಲ. 2013ರ ಕಂಪನಿ ಕಾಯ್ದೆ ಸಾಮಾಜಿಕ ಹೊಣೆಗಾರಿಕೆಯ ವೆಚ್ಚವನ್ನು ದೊಡ್ಡ ಕಂಪನಿಗಳಿಗೆ ಕಡ್ಡಾಯಗೊಳಿಸಿದ ಮೇಲೆ ಶನಿವಾರದಂದು ಒಂದೇ ಬಣ್ಣದ ಟೀ ಶರ್ಟ್ ತೊಟ್ಟ ನೂರು ಮಂದಿ ಸರ್ಕಾರಿ ಶಾಲೆಗೆ ಬಸ್ಸಿನಲ್ಲಿ ಬಂದಿಳಿಯುವ ದೃಶ್ಯ ಹೊಸತಲ್ಲ. ಗೋಡೆಗೆ ಬಣ್ಣ ಬಳಿದು, ಸಸಿ ನೆಟ್ಟು, ಫೋಟೊ ತೆಗೆಸಿಕೊಂಡು ಸಂಜೆ ಮರಳುತ್ತಾರೆ. ಗೋಡೆಗೆ ಅದು ಸಾಕು, ಮಕ್ಕಳಿಗೆ ಸಾಲದು. ಹನ್ನೊಂದು ವರ್ಷದ ಹುಡುಗ ಒಬ್ಬ ಹಿರಿಯನನ್ನು ನಂಬಲು ಆರು ತಿಂಗಳು ಹಿಡಿಯುತ್ತದೆ. ಆ ನೂರು ಮಂದಿಯಲ್ಲಿ ಮೂವರು ವರ್ಷವಿಡೀ ಶನಿವಾರ ಮಧ್ಯಾಹ್ನ ಒಂದೇ ಶಾಲೆಗೆ ಬಂದರೆ ಅಲ್ಲೊಂದು ದಳ ನಿಲ್ಲುತ್ತದೆ. ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಮೈದಾನಗಳು ಖಾಲಿಯೇ ಇರುತ್ತವೆ. ಗೇಟಿಗೆ ಬೀಗ ಬಿದ್ದಿರುತ್ತದೆ, ಅಷ್ಟೆ.

ಶಾಲೆಗೆ ಅಂಟಿಕೊಳ್ಳದ 'ಮುಕ್ತ ದಳ'ಗಳಿಗೆ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್‌ನಲ್ಲಿ ಅವಕಾಶವಿದೆ ಎಂಬುದು ನಗರವಾಸಿಗಳಲ್ಲಿ ಅನೇಕರಿಗೆ ತಿಳಿದಿಲ್ಲ. ಬಡಾವಣೆಯ ಉದ್ಯಾನದಲ್ಲಿ, ಅಪಾರ್ಟ್‌ಮೆಂಟ್ ಸಮುಚ್ಚಯದ ಅಂಗಳದಲ್ಲಿ ಅಂಥ ದಳ ಕಟ್ಟಬಹುದು. ಮೇಷ್ಟರ ವರ್ಗಾವಣೆಯ ಭಯ ಅದಕ್ಕಿಲ್ಲ. ಆದರೆ ಒಂದು ಎಚ್ಚರಿಕೆ ಅಗತ್ಯ. ಅಪಾರ್ಟ್‌ಮೆಂಟಿನ ಗೇಟಿನೊಳಗಿನ ಮಕ್ಕಳಿಗಷ್ಟೇ ದಳ ಮೀಸಲಾದರೆ ಅದು ಇನ್ನೊಂದು ಬೇಸಿಗೆ ಶಿಬಿರವಾಗುತ್ತದೆ. ಅದೇ ಗೋಡೆಯಾಚೆಯ ಕನ್ನಡ ಶಾಲೆಯ ಮಗು, ಕಟ್ಟಡ ಕಾರ್ಮಿಕರ ಮಗು ಒಂದೇ ಪ್ಯಾಟ್ರೋಲಿನಲ್ಲಿ ಸೇರಿ ಒಂದೇ ಗುಡಾರ ಕಟ್ಟಿದಾಗ ಮಾತ್ರ ಬ್ರೌನ್‌ಸೀ ಪ್ರಯೋಗಕ್ಕೆ ಇಲ್ಲಿ ಅರ್ಥ ಬರುತ್ತದೆ. ಸಮವಸ್ತ್ರ, ಶಿಬಿರ ಶುಲ್ಕದ ಖರ್ಚು ಬಡವರ ಮಕ್ಕಳನ್ನು ತಡೆಯುವ ಮೊದಲ ಗೋಡೆ. ಕಂಪನಿಗಳ ಹಣ ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲಿ.

ಹಣದ ಮಾತು ಬಂದಾಗ ಸ್ಕೌಟರ್‌ಗಳಿಗೆ ಗೌರವಧನ ಕೊಡಬೇಕೆಂಬ ಸಲಹೆಯೂ ಕೇಳಿಬರುತ್ತದೆ. ವೇತನ ಆರಂಭವಾದರೆ ಸ್ವಯಂಸೇವೆಯ ಸ್ವರೂಪವೇ ಬದಲಾಗುತ್ತದೆ, ಹಣ ನಿಂತ ದಿನ ದಳವೂ ನಿಲ್ಲುತ್ತದೆ. ಆದರೆ ಬಸ್ಸಿನ ಚಾರ್ಜು, ಹಗ್ಗದ ದುಡ್ಡು, ಮಕ್ಕಳಿಗೆ ಕೊಡಿಸಿದ ಬಿಸ್ಕತ್ತಿನ ಖರ್ಚು ಸ್ವಯಂಸೇವಕರ ಜೇಬಿನಿಂದಲೇ ಹೋಗಲಿ ಎಂಬ ನಿರೀಕ್ಷೆಯೂ ಸಲ್ಲದು. ಕೊಟ್ಟ ಖರ್ಚನ್ನು ಮರಳಿಸುವುದು ಸಂಬಳವಾಗುವುದಿಲ್ಲ.

ಬಾಗಿಲು ತೆರೆಯುವ ಮುನ್ನ: ಊರವರನ್ನು ಕರೆಯೋಣ ಎನ್ನುವಾಗ ಯಾರನ್ನು ಕರೆಯುತ್ತೇವೆ ಎಂಬ ಪ್ರಶ್ನೆಯನ್ನು ಬದಿಗಿಡುವಂತಿಲ್ಲ. 2024ರ ಆಗಸ್ಟ್‌ನಲ್ಲಿ ನೆರೆಯ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಖಾಸಗಿ ಶಾಲೆಯೊಂದರಲ್ಲಿ ಎನ್‌ಸಿಸಿ ಹೆಸರು ಹೇಳಿಕೊಂಡು ನಕಲಿ ಶಿಬಿರ ನಡೆಸಿದ ಪ್ರಕರಣ, ಅಲ್ಲಿ ಬಾಲಕಿಯರ ಮೇಲೆ ನಡೆದ ದೌರ್ಜನ್ಯದ ಆರೋಪ ದೇಶವನ್ನೇ ಬೆಚ್ಚಿಬೀಳಿಸಿತು. ಆ ಶಿಬಿರಕ್ಕೂ ಎನ್‌ಸಿಸಿಗೂ ಸಂಬಂಧವೇ ಇರಲಿಲ್ಲ. ಬಂದವರು ಯಾರೆಂದು ವಿಚಾರಿಸದೆ ಶಾಲೆಯ ಬಾಗಿಲು ತೆರೆದದ್ದೇ ಅನಾಹುತಕ್ಕೆ ದಾರಿಯಾಯಿತು. ಅಮೆರಿಕದ ಬಾಯ್ ಸ್ಕೌಟ್ಸ್ ಸಂಸ್ಥೆಯದು ಇನ್ನೂ ದೊಡ್ಡ ದುರಂತ. ದಶಕಗಳ ಕಾಲ ಮುಚ್ಚಿಟ್ಟ ದೌರ್ಜನ್ಯಗಳು ಹೊರಬಿದ್ದು 2020ರ ಫೆಬ್ರುವರಿಯಲ್ಲಿ ಅದು ದಿವಾಳಿ ರಕ್ಷಣೆಗೆ ಮೊರೆಹೋಯಿತು. ಪರಿಹಾರ ಕೋರಿ ಬಂದವರ ಸಂಖ್ಯೆ 82 ಸಾವಿರ ದಾಟಿತು. 2025ರಲ್ಲಿ ಅದು ಹೆಸರನ್ನೇ 'ಸ್ಕೌಟಿಂಗ್ ಅಮೆರಿಕ' ಎಂದು ಬದಲಿಸಿಕೊಂಡಿದೆ. ಸದ್ಭಾವನೆಯನ್ನೇ ನೆಚ್ಚಿಕೊಂಡ ಸಂಸ್ಥೆಗಳಲ್ಲಿ ಅನುಮಾನಿಸುವುದೇ ಅಪರಾಧವೆಂಬ ವಾತಾವರಣವಿರುತ್ತದೆ. ಕೆಡುಕು ಅಡಗುವುದು ಅಂಥಲ್ಲೇ.

ಹಾಗೆಂದು ಬಾಗಿಲು ಮುಚ್ಚಿಕೊಂಡರೆ ಸುರಕ್ಷಿತವೇ? ಒಬ್ಬರೇ ದೊಡ್ಡವರು ಮೂವತ್ತು ಮಕ್ಕಳೊಂದಿಗಿರುವ ಈಗಿನ ಪದ್ಧತಿಯೇ ಹೆಚ್ಚು ಅಪಾಯದ್ದು. ಯಾವ ಸಭೆಯಲ್ಲೂ ಶಿಬಿರದಲ್ಲೂ ಕನಿಷ್ಠ ಇಬ್ಬರು ಹಿರಿಯರಿರಬೇಕು, ಮಗುವಿನೊಡನೆ ಯಾರೂ ಮರೆಯಲ್ಲಿ ಏಕಾಂತವಾಗಿರಬಾರದು ಎಂಬುದು ಹಲವು ದೇಶಗಳ ಸ್ಕೌಟಿಂಗ್‌ನಲ್ಲಿ ಇಂದು ಕಟ್ಟಳೆ. ಅದನ್ನು ಪಾಲಿಸಬೇಕಾದರೆ ಎರಡನೆಯ ಹಿರಿಯರು ಬೇಕೇ ಬೇಕು. ಪೊಲೀಸ್ ಪರಿಶೀಲನೆ, ಇಬ್ಬರು ಪರಿಚಿತರ ಖಾತರಿ, ಜಿಲ್ಲಾ ಸಂಸ್ಥೆಯಲ್ಲಿ ನೋಂದಣಿ, 2012ರ ಪೋಕ್ಸೊ ಕಾಯ್ದೆಯ ಬಗ್ಗೆ ಅರ್ಧ ದಿನದ ಪಾಠ ಇಷ್ಟು ಆದ ಮೇಲಷ್ಟೇ ಸ್ವಯಂಸೇವಕರ ಕೈಗೆ ಸೀಟಿ ಕೊಡಬೇಕು. ದೌರ್ಜನ್ಯದ ಸುಳಿವು ಸಿಕ್ಕಿಯೂ ತಿಳಿಸದಿರುವುದು ಆ ಕಾಯ್ದೆಯಡಿ ಶಿಕ್ಷಾರ್ಹ ಎಂಬುದು ಮುಖ್ಯ ಶಿಕ್ಷಕರಿಗೂ ಅನ್ವಯ. ಇಂಥ ಪರಿಶೀಲನೆಯಿಂದ ಒಳ್ಳೆಯವರು ಬೇಸರಿಸಿಕೊಂಡು ದೂರ ಸರಿಯುತ್ತಾರೆಂಬ ವಾದದಲ್ಲಿ ಹುರುಳಿಲ್ಲ.

ಇನ್ನೊಂದು ಮಾತು. ಸ್ಕೌಟ್ ಮಕ್ಕಳೆಂದರೆ ಸಮಾರಂಭಗಳಿಗೆ ಸಿದ್ಧವಾಗಿರುವ ಬಿಟ್ಟಿ ಸಿಬ್ಬಂದಿ ಎಂಬ ಭಾವನೆ ಅಧಿಕಾರಿಗಳಲ್ಲೂ ರಾಜಕಾರಣಿಗಳಲ್ಲೂ ಇದೆ. ಮತಗಟ್ಟೆಯಲ್ಲಿ ವೃದ್ಧರ ಗಾಲಿಕುರ್ಚಿ ತಳ್ಳುವುದು ನಿಜವಾದ ಸೇವೆ. ಸಚಿವರು ಬರುವ ದಾರಿಯ ಇಕ್ಕೆಲಗಳಲ್ಲಿ ಬಿಸಿಲಿಗೆ ಎರಡು ಗಂಟೆ ನಿಲ್ಲುವುದು ಯಾವ ಸೋಪಾನದ ಪಠ್ಯದಲ್ಲೂ ಇಲ್ಲ. ಒಬ್ಬ ಶಿಕ್ಷಕ ಮೇಲಧಿಕಾರಿಯ ಫೋನ್ ಕರೆಗೆ ಇಲ್ಲವೆನ್ನಲಾರ. ಊರಿನ ಪೋಷಕರ ಸಮಿತಿಯೊಂದು ಬೆನ್ನಿಗಿದ್ದರೆ ಅವನು ಅವರ ಕಡೆ ಕೈತೋರಬಹುದು.

ಹಾಗಾಗಿ ಲೆಕ್ಕ ಕೇಳುವ ರೀತಿಯೂ ಬದಲಾಗಬೇಕಿದೆ. ಜಿಲ್ಲೆಯಲ್ಲಿ ಎಷ್ಟು ದಳಗಳು ನೋಂದಣಿಯಾಗಿವೆ, ಎಷ್ಟು ಮಕ್ಕಳು ಸಮವಸ್ತ್ರ ಧರಿಸಿದ್ದಾರೆ ಎಂಬ ಸಂಖ್ಯೆಗಳು ವಾರ್ಷಿಕ ವರದಿಗೆ ಶೋಭೆ ತರುತ್ತವೆ. ಜೂನ್‌ನಲ್ಲಿ ಶಾಲೆಗಳು ಪುನರಾರಂಭಗೊಂಡು ನವೀಕರಣಕ್ಕೆ ಅರ್ಜಿಗಳು ಬಂದಾಗ ಸ್ಥಳೀಯ ಸಂಸ್ಥೆಗಳ ಕಾರ್ಯದರ್ಶಿಗಳು ಒಂದೆರಡು ಪ್ರಶ್ನೆಗಳನ್ನು ಹೆಚ್ಚಿಗೆ ಕೇಳಬಹುದು: ಕಳೆದ ವರ್ಷ ಎಷ್ಟು ಶನಿವಾರ ದಳದ ಸಭೆ ನಡೆಯಿತು? ಈ ದಳದ ಎರಡನೆಯ ನಾಯಕರು ಯಾರು, ಅವರು ಇದೇ ಊರಿನವರೇ? ಎರಡನೆಯ ಹೆಸರು ಇಲ್ಲದ ದಳಗಳ ಪಟ್ಟಿಯನ್ನು ಅದೇ ತಿಂಗಳು ಆಯಾ ಊರಿನ ಹಳೆಯ ವಿದ್ಯಾರ್ಥಿ ಸಂಘಕ್ಕೆ, ಗ್ರಾಮ ಪಂಚಾಯಿತಿಗೆ, ಬಡಾವಣೆಯ ನಿವಾಸಿಗಳ ಸಂಘಕ್ಕೆ ಕಳುಹಿಸಲು ಯಾವ ಸರ್ಕಾರಿ ಆದೇಶವೂ ಬೇಕಿಲ್ಲ.